ಕಾಲುವೆ ನೆವ್‌ನ ತಾತ್ಕಾಲಿಕ ಹುದ್ದೆ

ಥಾರ್ನ್‌ಶಾ ಟೌನ್ ತಂಡದ ಫುಟ್‌ಬಾಲ್ ಆಟಕ್ಕೆ ನಾವ್ಯಾರೂ ಸುಖ ಸಿಗುತ್ತದೆಂದು ಹೋಗುವುದಿಲ್ಲ. ವಾರವೆಲ್ಲ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿ, ಮೇಲಿನವರಿಂದ ಬೈಸಿಕೊಂಡು, ಶನಿವಾರ ಬಂತೆಂದರೆ ಅದೇ ಸಂಬಳದಲ್ಲಿ ಟಿಕೆಟ್ ಕೊಂಡು, ಜಿಟಿಜಿಟಿ ಮಳೆಯಲ್ಲಿ ಮಾಂಸ ತುಂಬಿದ ಪೈ ತಿನ್ನುತ್ತ, ಬೈಯುವ ಸರದಿ ಈಗ ನಮ್ಮದು ಎಂಬ ಒಂದೇ ಸಮಾಧಾನಕ್ಕೆ ಹೋಗುತ್ತೇವೆ. ತಂಡ ಗೆದ್ದರೆ ಆ ಸಮಾಧಾನವೂ ಇಲ್ಲ. ಪುಣ್ಯಕ್ಕೆ ಹಾಗಾಗುವುದು ಕಡಿಮೆ.

ಇಂಥ ಜನಕ್ಕೆ ಇಪ್ಪತ್ತು ವರ್ಷ ನಿಜವಾದ ಸುಖ ಕೊಟ್ಟವನು ಒಬ್ಬನೇ, ನೆವಿಲ್ ಹೇಲ್‌ವುಡ್. ಕೊಟ್ಟದ್ದು ಗೋಲು ಹೊಡೆದಲ್ಲ, ಚೆಂಡನ್ನು ಮೈದಾನದಿಂದಲೇ ಆಚೆಗೆ ಒದ್ದು.

ನಮ್ಮ ಮೈದಾನದ ಒಂದು ಬದಿಗೆ ಗಿಡ್ಡ ಗ್ಯಾಲರಿಯಿದೆ. ಅದರ ತಗಡಿನ ಮಾಡಿನ ಆಚೆ ಕಾಲುವೆ. ನೆವ್ ರಕ್ಷಣೆಯ ನಡುವೆ ನಿಲ್ಲುವ ಡಿಫೆಂಡರ್. ಎದುರಾಳಿ ಮೈಮೇಲೆ ಬಂದಾಗ ಚೆಂಡನ್ನು ಏನು ಮಾಡಬೇಕೆಂದು ಬೇರೆಯವರು ಯೋಚಿಸುತ್ತಾರೆ. ನೆವ್ ಆ ತಾಪತ್ರಯ ಇಟ್ಟುಕೊಂಡಿರಲಿಲ್ಲ. ಕಾಲೆತ್ತಿ ಬಿಟ್ಟನೆಂದರೆ ಚೆಂಡು ಮಾಡು ದಾಟಿ ಕಣ್ಮರೆ. ಆಗ ಇಡೀ ಮೈದಾನ ಉಸಿರು ಬಿಗಿಹಿಡಿಯುತ್ತಿತ್ತು. ಆಚೆಯಿಂದ ಬುಳುಕ್ ಎಂಬ ಸದ್ದು ಬಂದರೆ ಊರಿಗೇ ಕೇಳುವ ಹಾಗೆ ಕೂಗು. ಸದ್ದು ಬರದೆ ಚೆಂಡು ಕಾಲುದಾರಿಯ ಮೇಲೆ ಬಿದ್ದಿದ್ದರೆ, ಸತ್ತವರ ಮನೆಯಲ್ಲಿ ಬಿಡುವಂಥ ಒಂದು ನಿಟ್ಟುಸಿರು. ನೀರಿಗೆ ಬಿದ್ದ ಚೆಂಡನ್ನು ತರಲು ವಿಲ್ಫ್ ಇದ್ದ. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದ ಮುದುಕ. ರಬ್ಬರ್ ದೋಣಿಯಲ್ಲಿ ಮೀನಿನ ಬಲೆ ಹಿಡಿದು ಕೂತಿರುತ್ತಿದ್ದ. ಆಟವನ್ನು ಅವನು ಒಂದು ದಿನವೂ ನೋಡಿದವನಲ್ಲ. ಆದರೆ ನೆವ್‌ನ ಆಟದ ಬಗ್ಗೆ ಪಬ್ಬಿನಲ್ಲಿ ಅವನಷ್ಟು ಅಧಿಕಾರದಿಂದ ಮಾತಾಡುವವರು ಬೇರೆ ಇರಲಿಲ್ಲ.

ಹೀಗೆ ಅವನು ಕಾಲುವೆ ನೆವ್ ಆದ. ಮದುವೆಯ ದಿನ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಗೆಳೆಯರು ಬುಳುಕ್ ಎಂದು ಕೂಗಿ ಬಣ್ಣದ ಕಾಗದ ಎರಚಿದರು. ಮದುಮಗಳು ಜ್ಯಾನಿಸ್, "ಇವ್ರೆಲ್ಲ ಯಾರು, ಇವ್ರನ್ನೂ ನಾನು ಕಟ್ಕೋಬೇಕಾ?" ಎಂದು ಕೇಳಿದಳಂತೆ.

ನೆವ್ ಆಟ ಕಲಿತದ್ದು ಹಳೆಯ ಕಾಲದಲ್ಲಿ. ಅವನ ಅಪ್ಪ ಬಸ್ ಡಿಪೋದ ಮೆಕ್ಯಾನಿಕ್. ಹದಿನಾರಕ್ಕೆ ಮಗ ತಂಡಕ್ಕೆ ಸೇರಿದಾಗ ಅಂದಿನ ತರಬೇತುದಾರ ಪಾಠವನ್ನೆಲ್ಲ ಒಂದೇ ಸಲಕ್ಕೆ ಮುಗಿಸಿದ್ದ: "ನಿಂಗಿರೋದು ಎರಡೇ ಕೆಲಸ. ಬಾಲ್ ಬಂದ್ರೆ ಒದಿ. ಮನುಷ್ಯ ಬಂದ್ರೂ ಒದಿ." ನೆವ್ ಎರಡನ್ನೂ ಶ್ರದ್ಧೆಯಿಂದ ಮಾಡಿದ. ಮೂಗು ಮುರಿಯಿತು, ಮುಂದಿನ ಹಲ್ಲು ಹೋಯಿತು, ಎಡ ಕಿವಿ ಎಲೆಕೋಸಿನ ಹಾಗಾಯಿತು. ಒಮ್ಮೆ ದೊಡ್ಡ ಕ್ಲಬ್ಬೊಂದರಿಂದ ಅವನನ್ನು ನೋಡಲು ಒಬ್ಬ ಬಂದಿದ್ದ. ಆಟ ಮುಗಿದ ಮೇಲೆ ಅವನು ಟೀ ಕುಡಿದು ಹೇಳಿದ ಮಾತು ನಮ್ಮೂರಲ್ಲಿ ಇವತ್ತಿಗೂ ಚಲಾವಣೆಯಲ್ಲಿದೆ: "ಹುಡುಗ ಗಟ್ಟಿಗ, ಸಂಶಯವಿಲ್ಲ. ಆದ್ರೆ ನಮ್ಮ ಮೈದಾನದ ಪಕ್ಕ ಕಾಲುವೆ ಇಲ್ವಲ್ಲ."

ಮಂಡಿ ಕೈಕೊಟ್ಟಾಗ ನೆವ್ ಆಟ ಬಿಟ್ಟ. ಬೇಕರಿಯೊಂದರ ವ್ಯಾನ್ ಓಡಿಸಿಕೊಂಡು ಕೆಲವು ವರ್ಷ ಕಳೆದ. ಬ್ರೆಡ್ ಇಳಿಸಲು ಹೋದ ಅಂಗಡಿಗಳಲ್ಲೆಲ್ಲ ಜನ, "ಮೆಲ್ಲಗೆ ಇಡಪ್ಪಾ, ಮಾಡಿನ ಮೇಲೆ ಎಸೀಬೇಡ" ಎನ್ನುತ್ತಿದ್ದರು. ನಗಲೇಬೇಕಾದ ಕೆಲಸ, ನಗುತ್ತಿದ್ದ. ಆಮೇಲೆ ಯಾರೋ ತರಬೇತುದಾರನಾಗಲು ಪರೀಕ್ಷೆ ಕಟ್ಟು ಎಂದರು. ಹೆದ್ದಾರಿ ಪಕ್ಕದ ಹೋಟೆಲೊಂದರ ಸಭಾಂಗಣದಲ್ಲಿ ತರಗತಿ. ಹೇಳಿಕೊಡುವವನು ಇವನಿಗಿಂತ ಚಿಕ್ಕವನು, ಮೂಗು ಇನ್ನೂ ನೆಟ್ಟಗಿದ್ದವನು. ಅವನು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದ: ಡಿಫೆಂಡರ್ ಚೆಂಡನ್ನು ತಡೆದು ನಿಲ್ಲಿಸುತ್ತಾನೆ, ತಲೆಯೆತ್ತಿ ನೋಡುತ್ತಾನೆ, ಪಕ್ಕದವನಿಗೆ ಮೆಲ್ಲಗೆ ಕೊಡುತ್ತಾನೆ. ಪಕ್ಕದವನು ಇನ್ನೊಬ್ಬನಿಗೆ. ಎದುರಾಳಿಗಳು ಮೂರ್ಖರಂತೆ ನಡುವೆ ಓಡಾಡುತ್ತಾರೆ. ಯಾರೂ ಯಾರನ್ನೂ ಒದೆಯುವುದಿಲ್ಲ.

ನೆವ್ ಬಾಯಿ ಬಿಟ್ಟುಕೊಂಡು ನೋಡಿದ. ಇಪ್ಪತ್ತು ವರ್ಷ ಚೆಂಡಿನ ಜೊತೆ ಬದುಕಿದ್ದರೂ ಅವನಿಗೆ ಅದರ ಪರಿಚಯವಾದದ್ದು ಆವತ್ತು. ತಡವಾಗಿ ಪ್ರೀತಿಗೆ ಬಿದ್ದವರ ಹಾಗೆ ಅವನು ಅತಿಯಾಗಿ ಬಿದ್ದ. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಗೋಲ್‌ಕೀಪರ್ ಆಯಿತು, ಮೆಣಸಿನ ಪುಡಿ ಡಿಫೆಂಡರ್ ಆಯಿತು, ಬಟಾಣಿ ಕಾಳು ಚೆಂಡಾಯಿತು.

"ಆ ಸಾಸ್ ಬಾಟ್ಲಿ ಯಾರು?" ಜ್ಯಾನಿಸ್ ಕೇಳುವಳು.

"ಎಡಗಡೆ ಡಿಫೆಂಡರ್."

"ಅವನನ್ನ ಇತ್ತ ಕಳ್ಸು. ಚಿಪ್ಸ್ ಆರ್ತಾ ಇದೆ."

ಪರೀಕ್ಷೆ ಮೇಲೆ ಪರೀಕ್ಷೆ ಪಾಸಾಗಿ ನೆವ್ ನಮ್ಮ ತಂಡಕ್ಕೇ ಸಹಾಯಕನಾಗಿ ಬಂದ. ಸಹಾಯಕನ ಕೆಲಸವೆಂದರೆ ತಾಲೀಮಿನ ಪ್ಲಾಸ್ಟಿಕ್ ಶಂಕುಗಳನ್ನು ಸಾಲಾಗಿ ಇಡುವುದು, ಆಮೇಲೆ ಎತ್ತುವುದು. ಹೀಗೆ ಶಂಕು ಇಟ್ಟು ಎತ್ತುತ್ತಲೇ ಅವನಿಗೆ ಐವತ್ತು ದಾಟಿತು. ಒಂದು ಚಳಿಗಾಲ ತಂಡ ಲೀಗಿನ ತಳಕ್ಕೆ ಹೋಗಿ ಕೂತಾಗ ತರಬೇತುದಾರನನ್ನು ತೆಗೆದುಹಾಕಿದರು. ಸೀಸನ್ನಿನ ಕೊನೆಗೂ ಅಲ್ಲೇ ಇದ್ದರೆ ಕೆಳಗಿನ ಲೀಗಿಗೆ ಇಳಿಯಬೇಕು. ಬೇರೆ ಯಾರೂ ಆ ಜಾಗಕ್ಕೆ ಬರಲು ಒಪ್ಪಲಿಲ್ಲ. ಕ್ಲಬ್ಬಿನ ಅಧ್ಯಕ್ಷ ಲೆಸ್ಲಿ ಡಕ್‌ವರ್ತ್ ನೆವ್‌ನನ್ನು ಕರೆಸಿದ. ಡಕ್‌ವರ್ತ್ ಬಚ್ಚಲುಮನೆ ಟೈಲ್ಸ್ ಅಂಗಡಿಗಳ ಮಾಲೀಕ. ಯಾವ ಮಾತು ಆಡಿದರೂ ರಿಯಾಯಿತಿ ಘೋಷಿಸುವ ಧಾಟಿ.

"ನೋಡಪ್ಪಾ ನೆವ್, ಸೀಸನ್ ಮುಗಿಯೋವರ್ಗೂ ನೀನು ನೋಡ್ಕೋ."

"ಆಮೇಲೆ, ಅಧ್ಯಕ್ಷರೇ?"

"ಲೀಗಿನಲ್ಲಿ ಉಳಿಸ್ಕೊಟ್ರೆ ಕೆಲಸ ನಿಂದೇ. ಇಲ್ದಿದ್ರೆ ಲೀಗೂ ಇಲ್ಲ, ನೀನೂ ಇಲ್ಲ."

ಕೋಣೆಯ ಬಾಗಿಲಿಗೆ ಹಲಗೆ ಬಂತು: ನೆವಿಲ್ ಹೇಲ್‌ವುಡ್, ತರಬೇತುದಾರ. ಅದರ ಮೇಲುಗಡೆ ಒಂದು ಕಾಗದದ ಪಟ್ಟಿಯಲ್ಲಿ "ತಾತ್ಕಾಲಿಕ" ಎಂದು ಬರೆದು ಅಂಟಿಸಿದ್ದರು. ಹಲಗೆಗೆ ಒಂದೇ ಮೊಳೆ, ಪಟ್ಟಿಗೆ ಮಾತ್ರ ನಾಲ್ಕೂ ಕಡೆ ಗಟ್ಟಿ ಟೇಪು. ದಿನಾ ಬೆಳಗ್ಗೆ ಬಾಗಿಲು ತೆಗೆಯುವಾಗ ನೆವ್ ಅದನ್ನು ಓದುತ್ತಿದ್ದ. ಊರಿಗೆ ಲೀಗಿನ ಚಿಂತೆಯಾದರೆ ಅವನಿಗೆ ಆ ಪಟ್ಟಿಯದು. ಬದುಕಿನಲ್ಲಿ ಮೊದಲ ಬಾರಿಗೆ, ಕಾಲುವೆಯನ್ನು ಬಿಟ್ಟು ಬೇರೇನಾದರೂ ತನ್ನ ಹೆಸರಿನ ಪಕ್ಕ ನಿಲ್ಲಬೇಕೆಂದು ಅವನಿಗೆ ಆಸೆಯಾಗಿತ್ತು.

ನೆವ್ ತಂಡಕ್ಕೆ ಹೇಳಿಕೊಟ್ಟದ್ದು ಆ ಹೋಟೆಲಿನಲ್ಲಿ ಕಲಿತದ್ದನ್ನೇ. ಗೋಲ್‌ಕೀಪರ್ ಚೆಂಡನ್ನು ದೂರಕ್ಕೆ ಒದೆಯಕೂಡದು, ಪಕ್ಕದ ಡಿಫೆಂಡರ್‌ಗೆ ಪಾಸ್ ಕೊಡಬೇಕು. ಡಿಫೆಂಡರ್ ಹೆದರಕೂಡದು. ಈ ಡಿಫೆಂಡರ್ ಕೀರನ್ ಮೋಟ್ ಎಂಬ ಇಪ್ಪತ್ತೆರಡರ ತೆಳ್ಳನೆಯ ಆಳು. ದೊಡ್ಡ ನಗರದ ಕ್ಲಬ್ಬೊಂದು ಚಿಕ್ಕಂದಿನಿಂದ ಸಾಕಿ, ಬೇಡವೆಂದು ಬಿಟ್ಟ ಮೇಲೆ ನಮ್ಮಲ್ಲಿಗೆ ಬಂದು ಬಿದ್ದಿದ್ದ. ಮೂಗು ನೆಟ್ಟಗಿದ್ದ ಡಿಫೆಂಡರ್‌ನನ್ನು ನಮ್ಮೂರು ನೋಡಿದ್ದು ಅದೇ ಮೊದಲು. ಯಾರಿಗೂ ನಂಬಿಕೆ ಬರಲಿಲ್ಲ.

"ಯಜಮಾನ್ರೇ, ಜನ ಒದಿ ಒದಿ ಅಂತಾರೆ," ಎಂದ ಕೀರನ್. ನಮ್ಮಲ್ಲಿ ಆಟಗಾರರು ತರಬೇತುದಾರನನ್ನು ಕರೆಯುವುದೇ ಹಾಗೆ.

"ಅನ್ಲಿ."

"ನಮ್ಮಪ್ಪಾನೂ ಅಂದ್ರು. ಗ್ಯಾಲರೀಲಿ ಕೂತ್ಕೊಂಡು."

"ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ?"

"ಪ್ಲಂಬರ್ರು."

"ಅವರು ನಲ್ಲಿ ರಿಪೇರಿ ಮಾಡೋವಾಗ ನಾನು ಹಿಂದೆ ನಿಂತು ಒದಿ ಅಂತೀನಾ? ಬಾಲ್ ನಿನ್ನ ಹತ್ರ ಇದ್ರೆ ಅದು ನಿಂದು. ಒದ್ದ್ರೆ ಯಾರದೋ. ತಲೆ ಎತ್ತು, ನೋಡು, ಕೊಡು. ಅಷ್ಟೆ."

ಜನ ಮಾತ್ರ ಬಿಡಲಿಲ್ಲ. ನಮ್ಮ ಗೋಲಿನ ಬಾಯಲ್ಲೇ ಚೆಂಡು ಅತ್ತಿಂದಿತ್ತ ಓಡಾಡುವುದನ್ನು ನೋಡಿ ಗ್ಯಾಲರಿಗೆ ಎದೆ ಧಸಕ್ ಎನ್ನುತ್ತಿತ್ತು. "ಏ ನೆವ್, ನಿಂಗೆ ಕಾಲುವೆ ಎಲ್ಲಿದೆ ಅಂತ ಮರ್ತೋಯ್ತಾ?" ಎಂದು ಹಿಂದಿನಿಂದ ಕೂಗು. "ಅವನು ಈಗ ಪಾಸಾದೋನು ಕಣೋ, ಸರ್ಟಿಫಿಕೇಟ್ ಇದೆ. ಒದ್ದ್ರೆ ವಾಪಸ್ ಕಿತ್ಕೋತಾರೆ," ಎಂದು ಇನ್ನೊಂದು. ಎಲ್ಲರಿಗಿಂತ ಹೆಚ್ಚು ನೊಂದವನು ವಿಲ್ಫ್. ಇಡೀ ಚಳಿಗಾಲ ಒಂದು ಚೆಂಡೂ ನೀರಿಗೆ ಬಿದ್ದಿರಲಿಲ್ಲ.

"ನನ್ನ ದೋಣೀಲಿ ಜೇಡ ಗೂಡು ಕಟ್ಟಿದೆ," ಎಂದ ಪಬ್ಬಿನಲ್ಲಿ, ನೆವ್‌ನ ಗ್ಲಾಸಿನ ಪಕ್ಕ ತನ್ನ ಗ್ಲಾಸನ್ನು ಬೇಕೆಂದೇ ದೂರ ಇಟ್ಟು. "ನಿನ್ನ ಹೊಟ್ಟೆ ತುಂಬ್ಸಿದ್ದು ಆ ಕಾಲುವೆ ಕಣಯ್ಯಾ. ಈಗ ದೊಡ್ಡ ಮನುಷ್ಯ ಆದೆ."

"ವಿಲ್ಫ್, ಬಾಲು ಮೈದಾನದ ಒಳಗಿದ್ರೆ ತಾನೇ ಆಟ?"

"ಒಳಗಿದ್ರೆ ನಂಗೇನು ಬಂತು? ನಾನಿರೋದು ಹೊರಗೆ."

ನೆವ್ ಪಾಸಾದ ಯಾವ ಪರೀಕ್ಷೆಯಲ್ಲೂ ಆ ಪ್ರಶ್ನೆ ಬಂದಿರಲಿಲ್ಲ.

ಮೊದಮೊದಲು ಸೋತೆವು. ಚೆಂಡು ಕೀರನ್‌ನ ಕಾಲಿನಿಂದ ಜಾರಿ ನೇರ ಎದುರಾಳಿಗೆ ಹೋಗಿ ಗೋಲಾಗುವುದನ್ನು ನೋಡಿ ನಾವು, ನೆವ್‌ನ ಕೈಯಲ್ಲಿ ಇದು ಆಗುವ ಕೆಲಸವಲ್ಲ ಎಂದು ತೀರ್ಪು ಕೊಟ್ಟು, ಇನ್ನೊಂದು ಪೈ ತಂದುಕೊಂಡೆವು. ಆಮೇಲೆ ನಿಧಾನವಾಗಿ ಸೋಲು ಡ್ರಾ ಆಯಿತು. ಹೂವು ಬಿಡುವ ಹೊತ್ತಿಗೆ ಎರಡು ಮೂರು ಗೆಲುವೂ ಬಂದುಬಿಟ್ಟಿತು. ನಾವು ಮುಜುಗರದಿಂದಲೇ ಚಪ್ಪಾಳೆ ತಟ್ಟಿದೆವು. ಕೊನೆಯ ಶನಿವಾರ ಸ್ಟೋನ್‌ಬ್ರಿಜ್ ಎಂಬ ಊರಿನ ತಂಡದ ಮೇಲೆ ಆಟ. ಡ್ರಾ ಆದರೆ ಸಾಕು, ಲೀಗಿನಲ್ಲಿ ಉಳಿದಂತೆ. ಸೋತರೆ ಕೆಳಗೆ.

ಆವತ್ತು ಜ್ಯಾನಿಸ್ ನೆವ್‌ಗೆ ಕಂದು ಬಣ್ಣದ ಹೊಸ ಬೂಟು ತೊಡಿಸಿ ಕಳಿಸಿದಳು.

"ಕೆಲಸ ಕಾಯಂ ಆದ್ರೆ ಫೋಟೋ ತೆಗೀತಾರೆ. ಆ ಹಳೇ ಬೂಟಲ್ಲಿ ನಿಂತ್ಕೋಬೇಡ."

"ಕಾಲು ಕಚ್ತಾ ಇದೆ ಕಣೇ."

"ನಿಂತ್ಕೊಳೋದು ತಾನೇ ನಿನ್ನ ಕೆಲಸ ಈಗ? ಒದೆಯೋಕೆ ಹೋಗ್ತೀಯಾ?"

ತರಬೇತುದಾರರ ಜಾಗ ನಮ್ಮಲ್ಲಿ ಕಾಲುವೆ ಬದಿಯ ಗ್ಯಾಲರಿಯ ಮುಂದೆ. ಸುಣ್ಣದಲ್ಲಿ ಒಂದು ಚೌಕ ಎಳೆದಿರುತ್ತಾರೆ. ಅದರೊಳಗೆ ನಿಂತು ಕೂಗಬೇಕು. ನೆವ್ ಶುರುವಿನಲ್ಲಿ ಚೌಕದೊಳಗೇ ಇದ್ದ. ಅವರೊಂದು ಗೋಲು ಹೊಡೆದರು, ನಾವೊಂದು ಹೊಡೆದೆವು. ಆಟ ಕೊನೆಗೆ ಬಂದ ಹಾಗೆ ಸ್ಟೋನ್‌ಬ್ರಿಜ್‌ನವರು ಸಂತೆಗೆ ನುಗ್ಗಿದ ದನಗಳಂತೆ ನಮ್ಮ ಗೋಲಿನ ಮೇಲೆ ನುಗ್ಗತೊಡಗಿದರು. ನೆವ್‌ನ ಕಾಲು ಚೌಕ ದಾಟಿತು. ಗೆರೆಯುದ್ದಕ್ಕೂ ನಮ್ಮ ಗೋಲಿನ ಕಡೆಗೆ ಓಡಿಹೋಗಿ, "ತಲೆ ಎತ್ತು, ನೋಡು, ಕೊಡು" ಎಂದು ಕೂಗತೊಡಗಿದ. ರೆಫರಿ ಒಮ್ಮೆ ಕೈಬೀಸಿ ಹಿಂದೆ ಕಳಿಸಿದ. ನೆವ್ ಹಿಂದೆ ಹೋದಂತೆ ಮಾಡಿ ಮತ್ತೆ ಬಂದ.

ಆಗ ಅವರಲ್ಲೊಬ್ಬ ಚೆಂಡನ್ನು ಮುಂದಕ್ಕೆ ಬಿಟ್ಟ. ಅದು ನಮ್ಮ ಕಾಲುವೆ ಬದಿಯ ಗೆರೆಯ ಪಕ್ಕ ಉರುಳುತ್ತ ಬಂತು. ಹಿಂದಿನಿಂದ ಅವರ ಒಂಬತ್ತನೆಯ ನಂಬರಿನ ದಢೂತಿ ಆಳು ಓಡಿ ಬರುತ್ತಿದ್ದ. ಆದರೆ ಚೆಂಡಿಗೆ ಹತ್ತಿರವಿದ್ದವನು ಕೀರನ್. ಅವನು ಅವಸರ ಮಾಡಲಿಲ್ಲ. ನೆವ್ ಹೇಳಿಕೊಟ್ಟ ಹಾಗೇ ತಲೆ ಎತ್ತಿದ. ಗೋಲ್‌ಕೀಪರ್ ಎಲ್ಲಿದ್ದಾನೆ ನೋಡಿದ. ಮೈ ಅಡ್ಡ ಕೊಟ್ಟು, ಚೆಂಡು ಕಾಲಿಗೆ ಬರುವುದನ್ನು ಕಾದ. ಹೋಟೆಲಿನ ಗೋಡೆಯ ಮೇಲೆ ಬಿಟ್ಟ ಚಿತ್ರದಲ್ಲಿ ಕೂಡ ಇಷ್ಟು ಚೆನ್ನಾಗಿ ಇರಲಿಲ್ಲ.

ಗ್ಯಾಲರಿ ಒಕ್ಕೊರಲಿನಿಂದ "ಒದಿ" ಎಂದಿತು.

ಒದ್ದವನು ನೆವ್.

ಅದು ಹೇಗಾಯಿತೆಂದು ಅವನಿಗೂ ಗೊತ್ತಿಲ್ಲ. ಚೆಂಡು ಗೆರೆಯೊಳಗೇ ಇತ್ತು, ಆಟ ನಡೆಯುತ್ತಲೇ ಇತ್ತು. ಐವತ್ತು ದಾಟಿದ ಮನುಷ್ಯ, ಸೂಟು ಹಾಕಿಕೊಂಡು, ಮೈದಾನದೊಳಗೆ ಒಂದು ಹೆಜ್ಜೆಯಿಟ್ಟು, ತನ್ನದೇ ಡಿಫೆಂಡರ್‌ನ ಕಾಲಬುಡದಿಂದ ಚೆಂಡನ್ನು ಬದಿಗೆ ತಿರುಗಿಸಿ ಎತ್ತಿ ಬಾರಿಸಿದ. ಚೆಂಡು ನೆಟ್ಟಗೆ ಮೇಲೆದ್ದು ಮಾಡು ದಾಟಿತು. ಕಂದು ಬೂಟು ಕಾಲಿನಿಂದ ಕಳಚಿ ಅದರ ಹಿಂದೆಯೇ ಹೋಗಿ ಮಾಡಿನ ಮೇಲೆ ಕೂತಿತು.

ಇಡೀ ಮೈದಾನ ಉಸಿರು ಬಿಗಿಹಿಡಿಯಿತು. ರೆಫರಿ ಕೂಡ ಸೀಟಿಯನ್ನು ತುಟಿಯಲ್ಲಿಟ್ಟು ಊದುವುದನ್ನು ಮರೆತ.

ಬುಳುಕ್.

ಆಮೇಲಿನ ಕೂಗನ್ನು ಕೇಳಿದವರು ಅದರ ಬಗ್ಗೆ ಈಗಲೂ ಹೇಳುತ್ತಾರೆ. ಗೋದಾಮಿನಲ್ಲಿ ನಾಲಗೆ ಕಚ್ಚಿಕೊಂಡು ದುಡಿಯುವವರು, ಗಂಟಲು ಹರಿಯುವಂತೆ ಕೂಗಿ ಪಕ್ಕದ ಅಪರಿಚಿತರನ್ನು ಅಪ್ಪಿಕೊಂಡರು. ನೆವ್ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಕಾಲುಚೀಲ ಹಾಕಿಕೊಂಡು ನಿಂತಿದ್ದ. ಅವನ ಮುಂದೆ ಕೀರನ್.

"ಯಜಮಾನ್ರೇ," ಎಂದ ಕೀರನ್ ಮೆಲ್ಲಗೆ, "ಬಾಲ್ ನನ್ನ ಹತ್ರಾನೇ ಇತ್ತಲ್ಲ."

ರೆಫರಿ ಕೆಂಪು ಕಾರ್ಡು ತೋರಿಸಿದ. ನೆವ್ ಒದ್ದ ಜಾಗದಿಂದಲೇ, ನಮ್ಮ ಗೋಲಿನ ಹತ್ತಿರ, ಸ್ಟೋನ್‌ಬ್ರಿಜ್‌ಗೆ ಫ್ರೀ ಕಿಕ್ ಕೊಟ್ಟ. ಕಾಪಾಡಲು ಹೋದವನು ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಾಯಿತು.

ಹೊರಹಾಕಿದವರು ಮೈದಾನದ ಸುತ್ತ ಎಲ್ಲೂ ನಿಲ್ಲಕೂಡದು. ನೆವ್ ಕುಂಟುತ್ತ ಒಳಗೆ ಹೋಗಿ, ಬಟ್ಟೆ ಒಗೆಯುವ ಕೋಣೆಯಲ್ಲಿ, ತಿರುಗುತ್ತಿದ್ದ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತ. ಅಲ್ಲಿಂದ ಏನೂ ಕಾಣುವುದಿಲ್ಲ. ಗೋಡೆಯಾಚೆಯ ಸದ್ದಷ್ಟೇ ಗತಿ. ಗಾಜಿನೊಳಗೆ ಆಟಗಾರರ ಕಾಲುಚೀಲಗಳು ಸುತ್ತು ಹೊಡೆಯುವುದನ್ನು ನೋಡುತ್ತ ಅವನು ಬಾಗಿಲ ಮೇಲಿನ ಪಟ್ಟಿಯನ್ನು ನೆನೆದ. ಇನ್ನು ಅದನ್ನು ಕೀಳುವವರು ಹಲಗೆಯನ್ನೂ ಸೇರಿಸಿಯೇ ಕೀಳುತ್ತಾರೆ ಎಂದುಕೊಂಡ. ಕೆಲಸ ಹೋಗುವುದಕ್ಕಿಂತ ಹೆಚ್ಚಾಗಿ, ಯಾರೂ ನಂಬದಿದ್ದಾಗ ಹುಡುಗನಿಗೆ ನಂಬು ಎಂದು ಹೇಳಿಕೊಟ್ಟು ಕೊನೆಗೆ ತಾನೇ ನಂಬಲಿಲ್ಲವಲ್ಲ ಎಂಬುದು ಹೊಸ ಬೂಟಿಗಿಂತ ಜೋರಾಗಿ ಕಚ್ಚುತ್ತಿತ್ತು.

ಹೊರಗೆ ಗದ್ದಲ ಏರಿತು. ತಟ್ಟನೆ ನಿಂತಿತು. ಯಂತ್ರ ಮಾತ್ರ ಗುಂಯ್‌ಗುಡುತ್ತಿತ್ತು. ನೆವ್ ಕಣ್ಣು ಮುಚ್ಚಿದ. ಆಮೇಲೆ ಸೀಟಿ, ಅದರ ಹಿಂದೆಯೇ ಮಾಡು ಹಾರಿಹೋಗುವಂಥ ಕೂಗು. ಅಷ್ಟು ದೊಡ್ಡ ಕೂಗು ಹೊರಗಿನೂರಿಂದ ಬಂದ ಎರಡು ಬಸ್ಸು ಜನದ ಕೈಯಲ್ಲಿ ಆಗುವಂಥದ್ದಲ್ಲ. ಅವನು ಬೆಚ್ಚಗಿದ್ದ ಯಂತ್ರದ ಗಾಜಿಗೆ ಹಣೆ ಒತ್ತಿ ಕೂತುಬಿಟ್ಟ.

ನಡೆದದ್ದನ್ನು ಕೀರನ್ ಬಂದು ಹೇಳಿದ. ಫ್ರೀ ಕಿಕ್ ಎತ್ತರಕ್ಕೆ ಬಂತು. ಎಲ್ಲರೂ ಹಾರಿದರು, ಯಾರಿಗೂ ಸಿಗಲಿಲ್ಲ, ಚೆಂಡು ಅವನ ಎದೆಗೆ ಬಂತು. ಗೋಲಿನ ಬಾಯಲ್ಲೇ. ಅವನು ಎದೆಯಲ್ಲಿ ಇಳಿಸಿಕೊಂಡ, ತಲೆ ಎತ್ತಿದ, ಒಂಬತ್ತನೆಯ ನಂಬರಿನವನ ಕಾಲುಗಳ ನಡುವಿನಿಂದ ಗೋಲ್‌ಕೀಪರ್‌ಗೆ ಕೊಟ್ಟ. ಗೋಲ್‌ಕೀಪರ್ ಪಕ್ಕದವನಿಗೆ ಕೊಟ್ಟ. ಪಕ್ಕದವನು ವಾಪಸ್ ಕೀರನ್‌ಗೆ. ಅಷ್ಟರಲ್ಲಿ ಸೀಟಿ.

"ನೀವು ಹೇಳ್ಕೊಟ್ಟಂಗೇ," ಎಂದ.

"ಜನ ಏನಂದ್ರು?"

ಕೀರನ್ ತಲೆ ಕೆರೆದುಕೊಂಡ. "ಅರ್ಧ ಜನ ನೋಡ್ಲಿಲ್ಲ ಯಜಮಾನ್ರೇ. ಗ್ಯಾಲರಿ ಹಿಂದಿನ ಕಿಂಡೀಲಿ ವಿಲ್ಫ್ ಬಾಲ್ ತೆಗೆಯೋದನ್ನ ನೋಡ್ತಾ ಇದ್ರು."

ಇದು ಸುಳ್ಳಲ್ಲ. ನಮ್ಮಲ್ಲಿ ಹಲವರು ಅದನ್ನೇ ನೋಡುತ್ತಿದ್ದೆವು. ಇಡೀ ಚಳಿಗಾಲದ ಮೇಲೆ ವಿಲ್ಫ್‌ನ ದೋಣಿ ನೀರಿನಲ್ಲಿ ಚಲಿಸುತ್ತಿತ್ತು. ಅದನ್ನು ಬಿಟ್ಟು ಪಾಸ್ ಯಾರು ನೋಡುತ್ತಾರೆ? ಹೀಗಾಗಿ ಥಾರ್ನ್‌ಶಾ ಟೌನ್‌ನ ಚರಿತ್ರೆಯ ಅತ್ಯಂತ ಚಂದದ ರಕ್ಷಣೆ ನಡೆದಾಗ ಥಾರ್ನ್‌ಶಾದ ಬೆನ್ನು ಅತ್ತ ಕಡೆಗಿತ್ತು.

ಮರುದಿನದ ಪತ್ರಿಕೆಯಲ್ಲಿ ಒಂದೇ ಫೋಟೋ. ನೆವ್‌ನ ಕಾಲು ಮೇಲೆ, ಬೂಟು ಅದಕ್ಕಿಂತ ಮೇಲೆ. ಲೀಗಿನಲ್ಲಿ ಉಳಿಸಿದ ಒದೆತ ಎಂದು ತಲೆಬರಹ. ಪಬ್ಬಿನಲ್ಲಿ ಜನ ಸರದಿಯಲ್ಲಿ ನಿಂತು ಅವನಿಗೆ ಬಿಯರ್ ಕೊಡಿಸಿದರು. ವಿಲ್ಫ್ ತನ್ನ ಗ್ಲಾಸನ್ನು ಮತ್ತೆ ಹತ್ತಿರ ಸರಿಸಿದ.

"ಉಳಿಸಿದ್ದು ಕೀರನ್," ಎಂದು ನೆವ್ ಎಲ್ಲರಿಗೂ ಹೇಳಿದ. "ಒದ್ದು ಫ್ರೀ ಕಿಕ್ ಕೊಡ್ಸಿದ್ದು ನಾನು. ನನ್ನಿಂದ ಮುಳುಗ್ತಿತ್ತು."

"ಎಂಥಾ ವಿನಯ ನೋಡ್ರೋ," ಎಂದು ಜನ ಇನ್ನೊಂದು ಗ್ಲಾಸು ತಂದರು.

ಜ್ಯಾನಿಸ್ ಒಬ್ಬಳೇ ಬೇರೆ ಕೇಳಿದಳು. "ಅದು ಸರಿ, ಇನ್ನೊಂದು ಬೂಟಲ್ಲಿ ಏನ್ ಮಾಡ್ಲಿ? ತುಳಸಿ ಪುದೀನ ಏನಾದ್ರೂ ನೆಡ್ಲಾ?"

ಕೆಲವು ದಿನದ ಮೇಲೆ ಡಕ್‌ವರ್ತ್ ಕರೆಸಿದ. ನೆವ್ ಹಳೇ ಬೂಟಿನಲ್ಲೇ ಹೋದ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ: ತಪ್ಪು ತನ್ನದು, ಲೀಗಿನವರು ಹಾಕುವ ಶಿಕ್ಷೆ ತನ್ನದೇ, ಆದರೆ ಕಲಿಸಿದ ಆಟ ಸರಿ, ಇನ್ನೊಂದು ವರ್ಷ ಕೊಟ್ಟು ನೋಡಿ. ಅಧ್ಯಕ್ಷ ಅವನಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ಕೂತ್ಕೊಳಪ್ಪಾ. ಮೊದ್ಲ ಮೂರು ಆಟ ನೀನು ಚೌಕಕ್ಕೆ ಬರಂಗಿಲ್ಲ, ಲೀಗಿನೋರ ಪತ್ರ ಬಂದಿದೆ. ಅದಿರ್ಲಿ. ಕಿಟಕೀಲಿ ನೋಡು."

ಕೆಳಗೆ ಮುಂದಿನ ಸೀಸನ್ನಿನ ಟಿಕೆಟ್‌ಗೆ ಜನ ಬಾಗಿಲಾಚೆಯವರೆಗೂ ನಿಂತಿದ್ದರು.

"ನಿನ್ನ ಪಾಸ್ ನೋಡೋಕೆ ಬಂದಿರೋರಲ್ಲ ಅವ್ರು. ಆರು ತಿಂಗಳು ನಿನ್ನ ಪಾಸ್ ನೋಡಿ ಮನೇಲಿ ಕೂತಿದ್ರು. ಒಂದು ಒದೆತ, ಎಲ್ಲಾ ವಾಪಸ್. ಮಾಡಿನ ಮೇಲಿರೋ ಬೂಟನ್ನ ಯಾರೂ ಮುಟ್ಟಬಾರ್ದು ಅಂತ ಹೇಳಿದೀನಿ. ಕೆಲಸ ನಿಂದೇ ನೆವ್. ಒಂದೇ ಷರತ್ತು. ನಮ್ಮ ಹಳೇ ಆಟ ಬೇಕು. ನಿನ್ನ ಡಿಫೆಂಡರ್‌ಗಳಿಗೆ ಕಾಲುವೆ ತೋರ್ಸು."

"ಅಧ್ಯಕ್ಷರೇ, ಉಳಿಸಿದ್ದು ಆ ಒದೆತ ಅಲ್ಲ. ಕೀರನ್ ಎದೇಲಿ ಇಳಿಸ್ಕೊಂಡು..."

"ಯಾರು ಇಳಿಸ್ಕೊಂಡ್ರು? ಯಾವಾಗ?" ಡಕ್‌ವರ್ತ್‌ಗೆ ನಿಜವಾಗಿ ಆಶ್ಚರ್ಯವಾಗಿತ್ತು. ಅವನೂ ಕಿಂಡಿಯ ಹತ್ತಿರ ಇದ್ದನೆಂದು ಕಾಣುತ್ತದೆ.

ಸಂಬಳಕ್ಕೆ ದುಡಿಯುವ ನಮ್ಮಂಥವರೆಲ್ಲ ಇಂಥ ಕುರ್ಚಿಯ ಮುಂದೆ ಏನು ಮಾಡುತ್ತೇವೋ ಅದನ್ನೇ ನೆವ್ ಕೂಡ ಮಾಡಿದ. ಆಗಲಿ ಎಂದ.

ಅಧ್ಯಕ್ಷ ಕೊಟ್ಟ ಮಾತಿನಂತೆ ನೆವ್‌ನ ಕೋಣೆಯ ಬಾಗಿಲಿಗೆ ಎದ್ದುಬಂದು, ತನ್ನ ಕೈಯಾರೆ ಪಟ್ಟಿಯನ್ನು ಕಿತ್ತ. ಟೇಪು ಗಟ್ಟಿಯಿತ್ತು, ಪಟ್ಟಿಯ ಜೊತೆ ಬಾಗಿಲಿನ ಬಣ್ಣವೂ ಕಿತ್ತುಬಂತು. ತಾತ್ಕಾಲಿಕ ಹೋಯಿತು, ಅದೇ ಉದ್ದದ ಬಿಳಿಯ ಕಲೆ ಉಳಿಯಿತು.

ಹೊಸ ಸೀಸನ್ನಿನ ಮೊದಲ ತಾಲೀಮಿನ ಬೆಳಗ್ಗೆ ನೆವ್ ಡಿಫೆಂಡರ್‌ಗಳನ್ನು ಮೈದಾನದ ನಡುವೆ ಸಾಲಾಗಿ ನಿಲ್ಲಿಸಿದ. ಕಚೇರಿಯ ಕಿಟಕಿಯಲ್ಲಿ ಡಕ್‌ವರ್ತ್ ಟೀ ಹಿಡಿದು ನಿಂತಿದ್ದ. ಗ್ಯಾಲರಿಯಾಚೆ ವಿಲ್ಫ್ ದೋಣಿಯಲ್ಲಿ ತಯಾರಾಗಿದ್ದ.

"ಆ ಮಾಡು ಕಾಣ್ತಾ ಇದೆಯಾ? ಅದರಾಚೆಗೆ," ಎಂದ ನೆವ್.

ಒಬ್ಬೊಬ್ಬರೇ ಒದ್ದರು. ಒಬ್ಬನದೂ ಮಾಡಿನ ಹತ್ತಿರ ಹೋಗಲಿಲ್ಲ. ಚಿಕ್ಕಂದಿನಿಂದ ಪಾಸ್ ಕಲಿತ ಕಾಲುಗಳು. ಚೆಂಡು ಗ್ಯಾಲರಿಯ ಮೊದಲ ಸಾಲಿನ ಕುರ್ಚಿಗಳಿಗೆ ಮರ್ಯಾದೆಯಾಗಿ ತಾಗಿ ವಾಪಸ್ ಬರುತ್ತಿತ್ತು. ಕೀರನ್ ಒದ್ದದ್ದಂತೂ ನೇರ ಮೂಲೆಯ ಶಂಕುವಿನ ಪಕ್ಕ ಹೋಗಿ ನಿಂತಿತು. ಅಲ್ಲಿ ಯಾರಾದರೂ ಇದ್ದಿದ್ದರೆ ಅದು ಒಳ್ಳೆಯ ಪಾಸ್.

"ನೀವೇ ತೋರ್ಸಿ ಯಜಮಾನ್ರೇ," ಎಂದರು.

ನೆವ್ ಕಿಟಕಿಯ ಕಡೆ ನೋಡಿದ. ಎರಡು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು, ಹಳೆಯ ಮಂಡಿಯನ್ನು ನಂಬಿ ಬಾರಿಸಿದ. ಚೆಂಡು ಎದ್ದು ಮಾಡಿನ ಅಂಚಿಗೆ ಬಿತ್ತು. ಕಂದು ಬೂಟಿನ ಪಕ್ಕದವರೆಗೆ ಉರುಳಿ, ಅಲ್ಲಿ ಒಂದು ಕ್ಷಣ ಯೋಚಿಸಿ, ತಗಡಿನ ಮೇಲೆ ಡಬಡಬ ಸದ್ದು ಮಾಡುತ್ತ ಹಿಂದಕ್ಕೆ ಜಾರಿ ಕೆಳಗೆ ಬಿತ್ತು. ಪುಟಿದ ಚೆಂಡನ್ನು ಕೀರನ್ ಹೋಗಿ ತಡೆದ. ತಲೆ ಎತ್ತಿದ, ನೋಡಿದ. ಮೈದಾನದ ಅರ್ಧದಷ್ಟು ದೂರದಿಂದ ಹುಲ್ಲಿನ ಮೇಲೆ ಒಂದಿಷ್ಟೂ ಕುಪ್ಪಳಿಸದೆ ಬಂದು ಚೆಂಡು ನೆವ್‌ನ ಪಾದದ ಮುಂದೆ ನಿಂತಿತು.

"ಬಂತಾ?" ಮಾಡಿನಾಚೆಯಿಂದ ವಿಲ್ಫ್‌ನ ದನಿ. "ನಂಗೇನೂ ಕಾಣ್ಲಿಲ್ಲ."

"ಮನೆಗೆ ಹೋಗು ವಿಲ್ಫ್. ಇವತ್ತು ಬರಲ್ಲ."

ನೆವ್ ಚೆಂಡಿನ ಮೇಲೆ ಕಾಲಿಟ್ಟುಕೊಂಡು, ಕಿಟಕಿಗೆ ಬೆನ್ನು ಮಾಡಿ ನಿಂತ. ಮಂಡಿ ನೋಯುತ್ತಿತ್ತು.

"ಕೀರನ್, ಗೋಲ್‌ಕೀಪರ್ ಹತ್ರ ಹೋಗಿ ಶುರು ಮಾಡು, ಹೋದ ವರ್ಷದ್ದೇ," ಎಂದ ತಗ್ಗಿದ ದನಿಯಲ್ಲಿ. "ಉಳಿದೋರೆಲ್ಲ ಕೇಳ್ರಪ್ಪಾ. ಅಧ್ಯಕ್ಷರು ಕಿಟಕೀಲಿ ನಿಂತಾಗ ಮಾತ್ರ, ಯಾರಾದ್ರೂ ಒಬ್ರು ಮಾಡಿನ ಕಡೆ ನೋಡ್ತಾ ನಿಂತಿರಿ."